ಒಡವೆ ಮಾಡಿದವರ ಮನೆತನ

ಬಂಧುಗಳೇ,

ನಮ್ಮ ಸಂಘದ ಪತ್ರಿಕೆಯ ರಾಜ್ಯೋತ್ಸವದ ಸಂಚಿಕೆ ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದು ದಾಟಿದೆ. ಈ ಸಲ ನಮ್ಮ ಕನ್ನಡ ಶಾಲೆಗಳ ಬಗ್ಗೆ ಬರೆಯೋಣ ಅಂತಿದ್ದೆ. ಆದರೆ ಹೋದ ವಾರ ಮುಂಬೈಯ ಚಿನ್ನದ ಪೇಟೆ ಝವೇರಿ ಬಜಾರಿನಿಂದ ಕುಮಟಾದ ಮಾಮ ಫೋನ್ ಮಾಡಿದರು. ಈ ದೀಪಾವಳಿಗೆ ಲೆಕ್ಕದ ಪುಸ್ತಕಗಳ ವಹಿಪೂಜೆ ಮುಗಿಸಿ ತಮ್ಮ ಒಡವೆ ಮಾಡುವ ಕಾರ್ಖಾನೆ ಮುಚ್ಚುತ್ತಾರಂತೆ. ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿದೆ, ಮಕ್ಕಳಿಗೆ ಬೇರೆ ಉದ್ಯೋಗವಿದೆ. ಮೂರು ತಲೆಮಾರು ನಡೆದ ಕೆಲಸ. ಅದನ್ನು ಬಿಟ್ಟು ಬೇರೇನೂ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮಲ್ಲಿ ಎಷ್ಟೋ ಮನೆಗಳ ಕರಿಮಣಿ ಸರ, ಜುಮುಕಿ ಅಲ್ಲೇ ಆಗಿದ್ದು. ಮಾಮನ ಅಜ್ಜ ಮುಂಬೈಗೆ ಬಂದಾಗ ಕೊಂಕಣ ರೈಲು ಇರಲಿಲ್ಲ. ಘಟ್ಟ ಹತ್ತಿ ಹುಬ್ಬಳ್ಳಿಗೆ ಬಂದು ರೈಲು ಹಿಡಿದವರು. ಮುಂಬಾದೇವಿ ಗುಡಿಯ ಹತ್ತಿರ, ಕಟ್ಟಿಗೆ ಮೆಟ್ಟಿಲಿನ ಹಳೇ ಕಟ್ಟಡದಲ್ಲಿ ಒಂದೇ ಕೋಣೆ. ಮನೆಯಲ್ಲಿ ಕೊಂಕಣಿ, ಅಂಗಡಿಯವರ ಜೊತೆ ಗುಜರಾತಿ, ಲೆಕ್ಕ ಮಾತ್ರ ಕನ್ನಡದಲ್ಲಿ.

ಅಮ್ಮ ಅಜ್ಜಿಯ ಬೆಂಡೋಲೆ ಮುರಿಸಿ ಬಳೆ ಮಾಡಿಸಲು ಹೋದಾಗ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ತಕ್ಕಡಿ ಗಾಜಿನ ಪೆಟ್ಟಿಗೆಯೊಳಗೆ ಇತ್ತು. ಗಾಳಿ ತಾಗಿದರೆ ಮುಳ್ಳು ಅಲುಗುತ್ತದೆ ಅಂತ ತೂಗುವಾಗ ಫ್ಯಾನ್ ಆರಿಸುತ್ತಿದ್ದರು. ಬೆಂಡೋಲೆಯನ್ನು ಮೂಸೆಗೆ ಹಾಕಿ, ಒಂದು ಚಿಟಿಕೆ ಬಿಳಿಗಾರ ಹಾಕಿ, ಬೆಂಕಿ ಊದಿದರು. ನೋಡನೋಡುತ್ತಾ ಅಜ್ಜಿಯ ಕಿವಿಯ ಓಲೆ ಒಂದು ಹನಿಯಾಗಿ ಮೂಸೆಯ ತಳದಲ್ಲಿ ತಿರುಗತೊಡಗಿತು. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು, ಆದರೆ ನೋಟ ಮಾತ್ರ ಅಲ್ಲಿಂದ ಕೀಳಲಿಲ್ಲ. ಆಮೇಲೆ ಆ ಚಿನ್ನವನ್ನು ಬಡಿದು, ಕಾಯಿಸಿ, ಮತ್ತೆ ಬಡಿದು, ಸಣ್ಣ ಸಣ್ಣ ತೂತುಗಳಿದ್ದ ಉಕ್ಕಿನ ಪಟ್ಟಿಯಲ್ಲಿ ಎಳೆದು ಎಳೆದು ತಂತಿ ಮಾಡಿದರು. ಪ್ರತಿ ತೂತಿಗೂ ತಂತಿ ಇನ್ನಷ್ಟು ತೆಳುವಾಗುತ್ತಿತ್ತು, ಉದ್ದವಾಗುತ್ತಿತ್ತು. ಊಟಕ್ಕೆ ಏಳುವಾಗ ಎಲ್ಲರೂ ಒಂದೇ ಬೋಗುಣಿಯಲ್ಲಿ ಕೈ ತೊಳೆದರು. ಆ ನೀರನ್ನು ಚೆಲ್ಲುವಂತಿಲ್ಲ. ಗುಡಿಸಿದ ಕಸವನ್ನೂ ಡಬ್ಬಿಯಲ್ಲಿ ಕೂಡಿಡುತ್ತಿದ್ದರು, ಅದನ್ನು ತೊಳೆದು ಚಿನ್ನದ ಪುಡಿ ತೆಗೆಯುವವರು ಬೇರೆಯೇ ಇದ್ದರು.

ಈ ಮನೆತನ ಅತಿ ಹೆಚ್ಚು ಕಷ್ಟಪಟ್ಟಿದ್ದು 1963ರಲ್ಲಿ. ಚೀನಾ ಯುದ್ಧ ಮುಗಿದ ಬೆನ್ನಿಗೆ, ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ, ಗೋಲ್ಡ್ ಕಂಟ್ರೋಲ್, ಅಂದರೆ ಚಿನ್ನ ನಿಯಂತ್ರಣದ ನಿಯಮ, ಬಂತು. 14 ಕ್ಯಾರೆಟ್‌ಗಿಂತ ಶುದ್ಧವಾದ ಹೊಸ ಒಡವೆ ಮಾಡುವಂತಿಲ್ಲ. ಅಂದರೆ 24 ಭಾಗದಲ್ಲಿ 14 ಭಾಗ ಮಾತ್ರ ಚಿನ್ನ. 22 ಕ್ಯಾರೆಟ್‌ಗೆ ಒಗ್ಗಿದ ಕೈಗೆ ಅದು ಗಡುಸು, ಬಣ್ಣವೂ ಪೇಲವ. ಮದುವೆಗೆ ಅಂಥ ಚಿನ್ನ ಯಾರಿಗೆ ಬೇಕು? ದೇಶದ ತುಂಬ ಅಕ್ಕಸಾಲಿಗರು ಕೆಲಸ ಕಳೆದುಕೊಂಡರು, ಕೆಲವರು ಜೀವವನ್ನೇ ಕಳೆದುಕೊಂಡರು. ಮಾಮನ ಅಜ್ಜ ಒಂದು ಹೋಟೆಲಿನ ಗಲ್ಲೆಯಲ್ಲಿ ಕೂತರು, ಸಲಕರಣೆ ಮಾತ್ರ ಮಾರಲಿಲ್ಲ. 1968ರಲ್ಲಿ ಗೋಲ್ಡ್ ಕಂಟ್ರೋಲ್ ಕಾಯ್ದೆಯೇ ಆಯಿತು, ರದ್ದಾಗಿದ್ದು 1990ರಲ್ಲಿ. ಅಷ್ಟರಲ್ಲಿ ಅಂಧೇರಿಯ ಸೀಪ್ಝ್ ಎಂಬ ರಫ್ತು ವಲಯದ ಕಡೆ ದೊಡ್ಡ ಕಾರ್ಖಾನೆಗಳು ಎದ್ದಿದ್ದವು. ಮೇಣದ ಅಚ್ಚು, ಎರಕದ ಯಂತ್ರ, ಒಂದೇ ಸಲಕ್ಕೆ ರಾಶಿ ಉಂಗುರ. ಕೈಕೆಲಸ ಮೂಲೆಗೆ ಸರಿಯಿತು.

ಮೊನ್ನೆ ಮಗಳು ತನ್ನ ಹೊಸ ಸರದ ಮೇಲೆ ಕೊರೆದ, ಪ್ರತಿ ಒಡವೆಗೂ ಬೇರೆಯಾಗಿರುವ ಎಚ್‌ಯುಐಡಿ ನಂಬರನ್ನು ಸರ್ಕಾರದ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದಳು. 2021ರಿಂದ ಹಂತಹಂತವಾಗಿ ಚಿನ್ನದ ಶುದ್ಧತೆಯ ಮುದ್ರೆಯಾದ ಹಾಲ್‌ಮಾರ್ಕ್ ಕಡ್ಡಾಯವಾಗಿದೆ, ಅದು ಗ್ರಾಹಕರಿಗೆ ಒಳ್ಳೆಯದೇ. ಅಂಗಡಿಯ ವಿವರ ಬಂತು, ಶುದ್ಧತೆ ಬಂತು, ಪರೀಕ್ಷೆ ಮಾಡಿದ ಕೇಂದ್ರವೂ ಬಂತು. "ಇದನ್ನ ಮಾಡಿದವ್ರು ಯಾರು ಅಂತ ಇಲ್ವಲ್ಲಮ್ಮಾ?" ಅಂದಳು.

ನಿಜ ಅಲ್ವಾ? ದೊಡ್ಡ ಚಿನ್ನದಂಗಡಿಗಳನ್ನೇ ನೋಡಿ. ತ್ರಿಭುವನದಾಸ್ ಭೀಮ್‌ಜಿ ಝವೇರಿ 1864ರದ್ದು, ಗಾಡ್ಗೀಳರು ಸಾಂಗಲಿಯಲ್ಲಿ ಶುರು ಮಾಡಿದ್ದು 1832ರಲ್ಲಿ. ಆ ಮನೆತನಗಳ ಇತಿಹಾಸ ಎಲ್ಲರಿಗೂ ಗೊತ್ತು, ಗೊತ್ತಿರಬೇಕಾದದ್ದೇ. ಆದರೆ ಅಂಗಡಿಗಳಿಂದ ಚಿನ್ನ ತಂದು, ಒಡವೆ ಮಾಡಿ, ತೂಕ ಒಪ್ಪಿಸಿ ಮಜೂರಿ ಪಡೆದ ಮನೆತನಗಳಿಗೆ ಬೋರ್ಡೇ ಇರಲಿಲ್ಲ. ಅವರ ಇತಿಹಾಸ ಇರುವುದು ಲೆಕ್ಕದ ಪುಸ್ತಕದಲ್ಲಿ. ಕೋಣೆ ಖಾಲಿ ಮಾಡುವಾಗ ಮೊದಲು ರದ್ದಿಗೆ ಹೋಗುವುದೂ ಅದೇ. ನಮ್ಮ ಸಂಘ ಇದನ್ನು ಬರೆದಿಡಬೇಕು. ನಾವಲ್ಲದೆ ಬೇರೆ ಯಾರೂ ಬರೆಯುವುದಿಲ್ಲ.

ಇನ್ನು ಸೂಚನೆಗಳು, ಜಾಗ ಕಡಿಮೆ ಇದೆ. ರಾಜ್ಯೋತ್ಸವ ನವೆಂಬರ್ ಎರಡನೇ ಭಾನುವಾರ ಸಂಜೆ 4ಕ್ಕೆ, ಸಂಘದ ಸಭಾಂಗಣದಲ್ಲಿ. ಲೋಕಲ್ ರೈಲಿಗೆ ಮೆಗಾ ಬ್ಲಾಕ್ ಇರಬಹುದು, ಬೇಗ ಹೊರಡಿ. ತಾಳಮದ್ದಳೆ ಅದೇ ದಿನ, ಊಟ ಇದೆ, ತಟ್ಟೆ ಲೋಟ ಮನೆಯಿಂದ ತನ್ನಿ. ಮಕ್ಕಳ ಕನ್ನಡ ತರಗತಿ ಶನಿವಾರಕ್ಕೆ ಬದಲಾಗಿದೆ. ಸದಸ್ಯತ್ವದ ಹಣ ಬಾಕಿ ಇರುವವರು ದಯವಿಟ್ಟು ಕಟ್ಟಿ.

ಮಾಮ ತಮ್ಮ ಲೆಕ್ಕದ ಪುಸ್ತಕಗಳನ್ನು ಸಂಘಕ್ಕೆ ಕೊಡಲು ಒಪ್ಪಿದ್ದಾರೆ. ಎರಡು ಟ್ರಂಕ್ ತುಂಬ ಇವೆ, ಶಾಯಿ ಮಾಸಿದೆ. ಸ್ಕ್ಯಾನ್ ಮಾಡುವವರು ಬೇಕು, ಹಳೇ ಕೈಬರಹ ಓದಬಲ್ಲ ಹಿರಿಯರು ಬೇಕು. ಡೊಂಬಿವಲಿ, ಠಾಣೆ ಕಡೆ ಇಂಥ ಕೆಲಸ ಮಾಡಿದ ಕುಟುಂಬಗಳು ಇದ್ದರೆ ತಿಳಿಸಿ, ನಾನೇ ಬಂದು ಮಾತಾಡಿಸುತ್ತೇನೆ. ಕರಡು ತಿದ್ದುವವರು ಒಬ್ಬರಾದರೂ ಬೇಕೇ ಬೇಕು, ಪತ್ರಿಕೆಯ ಕೆಲಸವೆಲ್ಲ ಒಬ್ಬಳಿಂದ ಆಗುತ್ತಿಲ್ಲ. ಟ್ರಂಕ್ ಇಳಿಸಲು ದೀಪಾವಳಿಯ ಮರುವಾರ ಹೋಗುತ್ತಿದ್ದೇವೆ. ಗಾಡಿ ಇರುವ ಯಾರಾದರೂ ಅವತ್ತು ಜೊತೆಗೆ ಬಂದರೆ ತುಂಬ ಉಪಕಾರ.

— ಸಂಪಾದಕಿ