ಲಂಕೆಗೆ ಹೊರಟ ಹೆಗಡೆಗೆ

ಏ ಹೆಗಡೆ,

ಜುಲೈಗೆ ಶ್ರೀಲಂಕಾ ಅಂತೆ. ನನ್ನೊಬ್ಬನನ್ನು ಬಿಟ್ಟು ಅರ್ಧ ಸಿರಸಿಗೆ ಹೇಳಿದ್ದೀಯ. ಅದಕ್ಕೇ ನಾನೂ ಊರೆದುರೇ ಬರೀತಿದ್ದೇನೆ.

ಗಾಲೆ, ಮಿರಿಸ್ಸ ಕಡೆ ಹೋಗಬೇಡ. ಕಾರವಾರದಲ್ಲಿ ಬೋಟುಗಳೆಲ್ಲ ದಡ ಹತ್ತಿರುವಾಗ ಇಲ್ಲಿ ಸುರಿಯುವ ಮುಂಗಾರೇ ಅಲ್ಲೂ ಸುರಿಯುತ್ತದೆ. ಪೂರ್ವದ ತ್ರಿಂಕೋಮಲಿ ಆಗ ಒಣಗಿರುತ್ತದೆ, ಅಲ್ಲಿಗೆ ಹೋಗು. ಇಟಿಎ, ಅಂದರೆ ಆ ದೇಶದೊಳಗೆ ಹೋಗೋ ಅನುಮತಿ, ಹೊರಡುವ ಮುಂಚೆಯೇ ಆನ್‌ಲೈನಲ್ಲಿ ಮಾಡಿಕೋ. ಬುದ್ಧನಿಗೆ ಬೆನ್ನು ಹಾಕಿ ಸೆಲ್ಫಿ ತೆಗೀಬೇಡ. ಕ್ಯಾಂಡಿಯ ದಂತ ದೇಗುಲಕ್ಕೆ ನಿನ್ನ ಆ ಚಡ್ಡಿ ನಡೆಯೋದಿಲ್ಲ. ಹುಣ್ಣಿಮೆಗೆ ಅಲ್ಲಿ ಪೋಯ ಅಂತಾರೆ, ಅವತ್ತು ಮದ್ಯ ಮಾರೋದಿಲ್ಲ. ಪಂಚಾಂಗ ನೋಡೋದು ನಿನಗೆ ಹೇಳಿಕೊಡಬೇಕಾ!

ನಿನ್ನ ದೊಡ್ಡ ಕಷ್ಟ ಊಟದ್ದು. ಪೊಲ್ ಸಂಬೋಲ ನೋಡಿದರೆ ಆಯಿ ಮಾಡಿದ ಕಾಯಿಚಟ್ನಿ ಅನಿಸುತ್ತದೆ. ಅದರಲ್ಲಿ ಉಂಬಲಕಡ ಇರುತ್ತದೆ, ಅಂದರೆ ಕುಟ್ಟಿದ ಒಣಮೀನು. ಸೊಪ್ಪಿನ ಪಲ್ಯಕ್ಕೂ ಹಾಕುವುದುಂಟು. ಬಾಯಿಗಿಡುವ ಮುಂಚೆ ಕೇಳು. ನನಗಂತೂ ಸ್ವರ್ಗ.

ನಾನು ಹೋದದ್ದು ಜನವರಿಯಲ್ಲಿ. ವೆಲಿಗಾಮದ ದಡದಲ್ಲಿ, ಪಕ್ಕಕ್ಕೆ ತೊಲೆ ಕಟ್ಟಿದ ದೋಣಿಯ ನೆರಳಲ್ಲಿ ಒಬ್ಬ ಮುದುಕ ಹರಿದ ಬಲೆ ಹೆಣೆಯುತ್ತಿದ್ದ. ನಮ್ಮಲ್ಲಿದ್ದಂಥದ್ದೇ ದೋಣಿ. ಸುಮ್ಮನೆ ಪಕ್ಕದಲ್ಲಿ ಕೂತೆ. ಅವನಿಗೆ ನನ್ನ ಭಾಷೆ ಬಾರದು, ನನಗೆ ಅವನದು. ಬೆಲ್ಲದ ತುಂಡು ಕಚ್ಚಿಕೊಂಡು ಹಾಲಿಲ್ಲದ ಚಾ ಕುಡಿದೆವು. ಎದ್ದಾಗ ಎರಡು ತಾಸಾಗಿತ್ತು. ಫೋಟೋ ತೆಗೆದು ‘ಲೋಕಲ್ ಲೈಫ್’ ಅಂತ ಹಾಕಿದೆ. ನೀನೂ ಲೈಕ್ ಒತ್ತಿದ್ದೆ.

ಅಪ್ಪನೂ ಹಾಗೇ ಕಾಲ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಕೂರುತ್ತಿದ್ದ. ಹಳೇ ಮನೆ ನೌಕಾನೆಲೆಯ ಬೇಲಿಯೊಳಗೆ ಹೋಗಿ, ನಾವು ಕಾಲೊನಿಗೆ ಬಂದ ಮೇಲೆ ಬಲೆ ಅಟ್ಟ ಸೇರಿತು. ಕೊನೆಯ ವರ್ಷ ಎಷ್ಟೋ ಸಲ ಕೇಳಿದ, ಮಾಜಾಳಿ ದಂಡೆಗಾದರೂ ಕರ್ಕೊಂಡು ಹೋಗೋ ಅಂತ. ಬೈಕಲ್ಲಿ ಅರ್ಧ ತಾಸೂ ಬೇಡ. ಬರೋ ಆಯ್ತವಾರ ಅಂದೆ. ಪ್ರತಿ ಸಲವೂ ಅದನ್ನೇ ಅಂದೆ. ಪರದೇಶದ ಮುದುಕನ ಪಕ್ಕ ಕೂರೋದಕ್ಕೆ ವಿಮಾನದ ಟಿಕೆಟ್ ತೆಗೆದೆ ನೋಡು.

ಇದನ್ನು ಬರೆಯೋದಕ್ಕೆ ಕೂತದ್ದಲ್ಲ ಮಾರಾಯ. ಇನ್ನು ಆಯಿ ಓದಿದರೆ ನಿನ್ನನ್ನೇ ಬೈಯ್ತಾಳೆ, ಹುಡುಗನಿಗೆ ಏನು ಕುಡಿಸಿದೆ ಅಂತ.

ಹಾಂ, ಸಾಕ್ಸ್ ತಗೋ. ದೇವಸ್ಥಾನದ ಕಲ್ಲು ಮಧ್ಯಾಹ್ನ ಕಾಲು ಸುಡುತ್ತದೆ. ಛತ್ರಿಯೂ ಇರಲಿ.

ನಿನ್ನ,
ಕಾರವಾರದ ಪುಕ್ಕಲ