ರಾತ್ರಿ ಹತ್ತೂವರೆಗೆ ಒಂದು ಬಸ್ಸು ಬಿಡಿಸಿ: ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಕಲೆಕ್ಟರ್ ಅವರೇ,

ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಾಸರಗೋಡಿನಿಂದ ಚೆರ್ಕಳ, ಎಡನೀರು ದಾರಿಯಾಗಿ ಬದಿಯಡ್ಕ, ಪೆರ್ಲಕ್ಕೆ ರಾತ್ರಿ ಹತ್ತೂವರೆಗೆ ಒಂದು ಬಸ್ಸು ಬೇಕು. ಮುಳ್ಳೇರಿಯ ಕಡೆಗೆ ಇನ್ನೊಂದು. ದಿನಾ ಬೇಕು, ಭಾನುವಾರವೂ ಬೇಕು. ಹೊರಟ ಬಸ್ಸು ಕೊನೆಯ ಸ್ಟಾಪ್‌ವರೆಗೆ ಹೋಗಬೇಕು. ಇಷ್ಟನ್ನು ಕೇಳುವುದಕ್ಕೆ ಬಹಿರಂಗ ಪತ್ರ ಬೇಕಿತ್ತಾ ಅಂತ ನಿಮಗೆ ಅನ್ನಿಸಬಹುದು. ಮುಚ್ಚಿದ ಲಕೋಟೆಯಲ್ಲಿ ಕೊಟ್ಟ ಅರ್ಜಿಗಳು ಎಲ್ಲಿ ಹೋದವು ಅಂತ ಗೊತ್ತಾಗದೆ ಇದನ್ನು ಬರೆಯುತ್ತಿದ್ದೇನೆ.

ನಾನು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಮನೆ ಬದಿಯಡ್ಕದಿಂದ ಸ್ವಲ್ಪ ಒಳಗೆ. ಸಮಯ ಸಿಕ್ಕಾಗ ನಮ್ಮ ಹೆಂಗಸರ ತಾಳಮದ್ದಳೆ ಕೂಟದಲ್ಲಿ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾಡುವ ಯಕ್ಷಗಾನದಲ್ಲಿ, ಅರ್ಥ ಹೇಳುತ್ತೇನೆ, ಪಾತ್ರವಾಗಿ ಮಾತಾಡುತ್ತೇನೆ.

ನಮ್ಮ ಪೇಟೆ ಎಷ್ಟು ಬದಲಾಗಿದೆ ಅಂತ ನಿಮಗೂ ಗೊತ್ತು. ತಲಪ್ಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಆರು ಪಥದ ರಸ್ತೆ ಬಂತು. ಪೇಟೆಯ ನೆತ್ತಿಯ ಮೇಲೆ ಒಂದೇ ಸಾಲು ಕಂಬದ ಫ್ಲೈಓವರ್ ನಿಂತಿತು. ಮೊದಲೆಲ್ಲ ಎಂಟು ಗಂಟೆಗೆ ಬಾಗಿಲು ಎಳೆಯುತ್ತಿದ್ದ ಊರು ಇದು. ಈಗ ಹತ್ತು ಗಂಟೆಗೂ ಹೊಸ ಬಸ್‌ಸ್ಟ್ಯಾಂಡ್ ಸುತ್ತ ಕಾಲಿಡಲು ಜಾಗ ಇರುವುದಿಲ್ಲ. ಕುಳಿಮಂದಿ (ಅರಬ್ ಶೈಲಿಯ ಮಾಂಸದನ್ನ), ಅಲ್ ಫಹಾಂ (ಕೆಂಡದಲ್ಲಿ ಸುಟ್ಟ ಕೋಳಿ) ಹೋಟೆಲುಗಳು, ಕುಲುಕ್ಕಿ ಸರ್ಬತ್ತಿನ ಗಾಡಿಗಳು, ಅವಿಲ್ ಮಿಲ್ಕ್ ಅಂಗಡಿ, ಮೊಬೈಲ್ ಅಂಗಡಿ, ಗಾಜಿನ ಮುಖದ ದೊಡ್ಡ ದೊಡ್ಡ ಜವಳಿ ಅಂಗಡಿಗಳು. ಕೆಫೆಗಳಲ್ಲಿ ಹುಡುಗರು ಗಿಟಾರ್ ಹಿಡಿದು ಕೂರುತ್ತಾರೆ. ಕಾಲೇಜು ಮಕ್ಕಳು ಗೋಡೆಗೆ ತೆಯ್ಯಂ ಮುಖ, ಯಕ್ಷಗಾನದ ಕಿರೀಟ ಬಿಡಿಸುತ್ತಾರೆ. ಸಂಜೆ ಹೊತ್ತು ಕವಿಗೋಷ್ಠಿ, ನಾಟಕ, ಕೂಟ ಒಂದಲ್ಲ ಒಂದು ಇದ್ದೇ ಇರುತ್ತದೆ. ಇದೆಲ್ಲ ನನಗೆ ತುಂಬಾ ಇಷ್ಟ, ಮನಸಾರೆ ಹೇಳುತ್ತಿದ್ದೇನೆ. ಚಿಕ್ಕಂದಿನಲ್ಲಿ ಒಳ್ಳೆಯ ಬಟ್ಟೆಗೂ ಮಂಗಳೂರು, ಒಳ್ಳೆಯ ನಾಟಕಕ್ಕೂ ಮಂಗಳೂರು ಅಂತಿದ್ದವರು ನಾವು. ಈಗ ನಮ್ಮದೇ ಪೇಟೆಯಲ್ಲಿ ಬೆಳಕಿದೆ, ಜನ ಇದ್ದಾರೆ, ರಾತ್ರಿ ಇದೆ.

ಆದರೆ ಈ ರಾತ್ರಿ ಕಾರು ಇದ್ದವರಿಗೆ ಮಾತ್ರ ಸಿಕ್ಕಿದೆ. ಬೈಕ್ ಇರುವ ಗಂಡು ಮಕ್ಕಳಿಗೂ ಸಿಕ್ಕಿದೆ. ಕುಳಿಮಂದಿ ಬಡಿಸುವವನು, ಜ್ಯೂಸ್ ಮಾಡುವವನು, ನಮ್ಮಂಥ ಸೇಲ್ಸ್‌ ಹುಡುಗಿಯರು, ಕೂಟ ಕೇಳಲು ಬಂದ ಅಜ್ಜ, ಇವರಿಗೆಲ್ಲ ಎಂಟೂವರೆ ಆಗುತ್ತಿದ್ದ ಹಾಗೆ ಎದೆ ಹೊಡೆದುಕೊಳ್ಳಲು ಶುರು. ಎದುರು ಕೂತವರು ವಾಲಿಯ ಪ್ರಶ್ನೆ ಎತ್ತಿದ್ದಾರೆ, ರಾಮನಾಗಿ ನಾನು ಉತ್ತರ ಕೊಡಬೇಕು, ಅಷ್ಟರಲ್ಲಿ ನನ್ನ ಕಣ್ಣು ಗಡಿಯಾರದ ಮೇಲೆ. ಯಕ್ಷಗಾನ ಪ್ರಸಂಗ ಬರೆದ ಕವಿ, ಕುಂಬಳೆಯ ಪಾರ್ತಿಸುಬ್ಬನ ನಾಡು ಇದು. ಇಲ್ಲಿ ಬಸ್ಸಿಗೆ ಹೆದರಿ ಅರ್ಥವನ್ನು ಅರ್ಧಕ್ಕೆ ಮುಗಿಸಬೇಕಾದ ಸ್ಥಿತಿ ಬಂದಿದೆ ಅಂದರೆ ಹೊಟ್ಟೆ ಉರಿಯುತ್ತದೆ.

ಇದರಲ್ಲಿ ಇನ್ನೊಂದು ಮಾತಿದೆ. ಹಿಂದೆ ಯಕ್ಷಗಾನದ ಆಟ ಅಂದರೆ ಇಡೀ ರಾತ್ರಿ. ಬೆಳಗ್ಗೆ ಮಂಗಳ ಹಾಡಿದ ಮೇಲೆ ಜನ ಎದ್ದು ಮೊದಲ ಬಸ್ಸಿಗೆ ಊರಿಗೆ ಹೋಗುತ್ತಿದ್ದರು. ಆಗ ರಾತ್ರಿ ಬಸ್ಸಿಲ್ಲದಿದ್ದರೂ ನಡೆಯುತ್ತಿತ್ತು. ಈಗ ಯಕ್ಷಗಾನ ಮೇಳಗಳು ಒಂದೊಂದಾಗಿ ಕಾಲಮಿತಿಗೆ, ಅಂದರೆ ಕೆಲವೇ ಗಂಟೆಯ ಆಟಕ್ಕೆ ಬಂದವು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ತಡೆ ಇದೆ. ಸರಿ, ರೋಗಿಗಳು, ಓದುವ ಮಕ್ಕಳು ಇರುತ್ತಾರೆ, ನಾನು ಅದನ್ನು ವಿರೋಧಿಸುವುದಿಲ್ಲ. ಆದರೆ ಹತ್ತಕ್ಕೆ ಮೈಕ್ ಬಂದ್ ಮಾಡಿಸಿದ ಮೇಲೆ ಹತ್ತೂವರೆಗೆ ಬಸ್ಸು ಕೊಡಬೇಕಲ್ವಾ? ಬೆಳಗಿನವರೆಗೆ ಕೂರುವ ಹಾಗೂ ಇಲ್ಲ, ಮನೆಗೆ ಹೋಗುವ ಹಾಗೂ ಇಲ್ಲ. ಎಡನೀರು ಮಠ ನಮ್ಮ ದಾರಿಯಲ್ಲೇ ಇದೆ. 1973ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ದೇಶಕ್ಕೆಲ್ಲ ಹೆಸರು ಗೊತ್ತಾದ ಕೇಶವಾನಂದ ಭಾರತಿ ಸ್ವಾಮೀಜಿ ಅಲ್ಲಿ ತಾವೇ ಭಾಗವತಿಕೆ ಮಾಡುತ್ತಿದ್ದರು, ಯಕ್ಷಗಾನದ ಪದ ಹಾಡುತ್ತಿದ್ದರು. ಅಂಥ ಜಾಗದಲ್ಲಿ ಆಟ ಮುಗಿದ ಮೇಲೆ ಹೆಂಗಸರು ರಸ್ತೆ ಬದಿ ನಿಂತು ಗೊತ್ತಿಲ್ಲದವರ ಕಾರಿಗೆ ಕೈ ತೋರಿಸಬೇಕಾ?

ಕಳೆದ ಮಳೆಗಾಲದಲ್ಲಿ ಆದದ್ದನ್ನು ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ. ಓಣಂ ಸೀಸನ್. ಅಂಗಡಿಯಲ್ಲಿ ಜನ ಜಾಸ್ತಿ, ಬಿಡುವಾಗ ತಡ ಆಯಿತು. ನಾನು ಮತ್ತು ಜೊತೆಗೆ ಕೆಲಸ ಮಾಡುವ ಇಬ್ಬರು ಓಡಿ ಹೋಗಿ ಕೊನೆಯ ಬಸ್ಸು ಹಿಡಿದೆವು. ಬೋರ್ಡಿನಲ್ಲಿ ಬದಿಯಡ್ಕ ಅಂತಲೇ ಇತ್ತು. ಟಿಕೆಟೂ ಬದಿಯಡ್ಕಕ್ಕೇ ಕೊಟ್ಟರು. ಚೆರ್ಕಳಕ್ಕೆ ಬಂದಾಗ ಬಸ್ಸಿನಲ್ಲಿ ಉಳಿದದ್ದು ನಾವು ಮತ್ತು ಒಬ್ಬರು ವಯಸ್ಸಾದ ಬ್ಯಾರಿ ಅಜ್ಜ. ಕಂಡಕ್ಟರ್ ಬಂದು, "ಇಳೀರಿ ಅಕ್ಕ, ಇವತ್ತು ಇಲ್ಲಿಗೇ ಲಾಸ್ಟ್, ನಾಲ್ಕು ಜನಕ್ಕೆ ಡೀಸೆಲ್ ಸುಡಕ್ಕೆ ಆಗಲ್ಲ" ಅಂದ. ಅಜ್ಜನಿಗೆ ಸಿಟ್ಟು ಬಂದು ಜೋರು ಮಾಡಿದರು. ಅದಕ್ಕೆ ಅವನು ಹೇಳಿದ್ದು: "ಹೆಂಗಸರಿಗೆ ಈ ಹೊತ್ತಿಗೆ ತಿರುಗಲು ಯಾರು ಹೇಳಿದ್ದು?" ಬಾಕಿ ಟಿಕೆಟ್ ದುಡ್ಡು ಕೈಗೆ ಕೊಟ್ಟು ಬಸ್ಸು ತಿರುಗಿಸಿಕೊಂಡು ಹೋದರು. ಮಳೆ ಸುರಿಯುತ್ತಿತ್ತು. ಹೆದ್ದಾರಿ ಕೆಲಸದ ಮಣ್ಣು, ತಗಡಿನ ಬೇಲಿ, ನಿಲ್ಲಲು ಒಂದು ಸೂರು ಇಲ್ಲ. ಆಟೋದವನು 500 ರೂಪಾಯಿ ಕೇಳಿದ. ಆ ದಿನದ ನನ್ನ ಸಂಬಳ ಅದಕ್ಕಿಂತ ಬಹಳ ಜಾಸ್ತಿಯೇನಲ್ಲ. ಕೊನೆಗೆ ಅಜ್ಜ ತನ್ನ ಮಗನಿಗೆ ಫೋನ್ ಮಾಡಿ ಜೀಪು ತರಿಸಿ ನಮ್ಮನ್ನು ಒಬ್ಬೊಬ್ಬರನ್ನಾಗಿ ಮನೆ ಬಾಗಿಲಿಗೆ ಬಿಟ್ಟರು. ಅಮ್ಮ ಟಾರ್ಚ್ ಹಿಡಿದು ಗೇಟಿನಲ್ಲಿ ನಿಂತಿದ್ದರು. ಮರುದಿನ, "ಕೂಟವೂ ಬೇಡ, ಅಂಗಡಿಯೂ ಬೇಡ, ಮನೆಯಲ್ಲಿರು" ಅಂದರು. ಅವರಿಗೆ ನಾನು ಏನು ಹೇಳಲಿ?

ದೂರು ಕೊಡಲು ಒಂದು ಕಚೇರಿಗೆ ಹೋದೆ. ಕನ್ನಡದಲ್ಲಿ ಬರೆದುಕೊಂಡು ಹೋಗಿದ್ದೆ. 1969ರ ಕೇರಳದ ಆಡಳಿತ ಭಾಷಾ ಕಾನೂನಿನಲ್ಲಿ ಇಲ್ಲಿನ ಕನ್ನಡಿಗರಿಗೆ ಕನ್ನಡದಲ್ಲಿ ಪತ್ರ ಬರೆಯುವ ಹಕ್ಕಿದೆ, ಅದನ್ನು ನಿಮಗೆ ಹೇಳಿಕೊಡಬೇಕಾಗಿಲ್ಲ. ಅಲ್ಲಿದ್ದವರು ಕಾಗದ ತಿರುಗಿಸಿ ಮುರುಗಿಸಿ ನೋಡಿ, ಮಲಯಾಳದಲ್ಲಿ ಬರೆದು ತನ್ನಿ ಅಂದರು. ನನಗೆ ಮಲಯಾಳ ಮಾತಾಡಲು ಚೆನ್ನಾಗಿ ಬರುತ್ತದೆ, ಅಲ್ಲೇ ಎಲ್ಲ ಬಾಯಲ್ಲಿ ಹೇಳಿದೆ. ಪೂರ್ತಿ ಕೇಳಿ, "ಮನೆಯಲ್ಲಿ ಗಂಡಸರು ಇಲ್ವಾ, ಬೈಕಲ್ಲಿ ಬಂದು ಕರೆದುಕೊಂಡು ಹೋಗಲಿ" ಅಂದರು. ಇದು ಸರ್ಕಾರದ ಉತ್ತರವಾ ಸರ್? ನಮ್ಮಪ್ಪ ತೀರಿಕೊಂಡು ವರ್ಷಗಳಾದವು. ಅಪ್ಪ ಇದ್ದಿದ್ದರೂ ಬಸ್ಸು ಓಡಿಸುವ ಕೆಲಸ ನಮ್ಮಪ್ಪನದಲ್ಲ.

ಈಗ ನಿಯಮಕ್ಕೆ ಬರುತ್ತೇನೆ. ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರು ನೀವೇ. 1988ರ ಮೋಟಾರು ವಾಹನ ಕಾಯ್ದೆಯ 72ನೇ ಸೆಕ್ಷನ್ ಪ್ರಕಾರ ಪರ್ಮಿಟ್ ಕೊಡುವಾಗ ದಾರಿ, ಸಮಯ, ಟ್ರಿಪ್ ಎಲ್ಲಕ್ಕೂ ಶರತ್ತು ಹಾಕಬಹುದು. ಶರತ್ತು ಮುರಿದರೆ 86ನೇ ಸೆಕ್ಷನ್‌ನಲ್ಲಿ ಪರ್ಮಿಟ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು. ಪರ್ಮಿಟ್‌ನಲ್ಲಿ ಇರುವ ಕೊನೆಯ ಟ್ರಿಪ್ಪನ್ನು ಮನಸ್ಸು ಬಂದ ಹಾಗೆ ಕಟ್ ಮಾಡುವುದು ಶರತ್ತು ಮುರಿದ ಹಾಗೆಯೇ. 2018ರಲ್ಲಿ ಅಂಗಡಿ ಕಾನೂನು ತಿದ್ದಿದಾಗ ನಮ್ಮ ಸರ್ಕಾರವೇ ಹೇಳಿತು, ರಾತ್ರಿ ಒಂಬತ್ತರ ನಂತರ ಹೆಂಗಸರನ್ನು ದುಡಿಸಿದರೆ ಮನೆಗೆ ತಲುಪಿಸುವ ವ್ಯವಸ್ಥೆ ಇರಬೇಕು ಅಂತ. ಒಂಬತ್ತಕ್ಕೆ ಐದು ನಿಮಿಷ ಮುಂಚೆ ಬಿಟ್ಟರೆ? ಆಗ ಅಂಗಡಿಯವರ ಹೊಣೆ ಮುಗಿಯಿತು, ಬಸ್ಸಿನವರದ್ದು ಶುರುವೇ ಆಗಲಿಲ್ಲ. ಆ ನಡುವಿನ ಕತ್ತಲಲ್ಲಿ ನಾವು ನಿಂತಿರುತ್ತೇವೆ.

ಜನ ಇಲ್ಲ ಅನ್ನುತ್ತಾರೆ. ಬಸ್ಸು ಬರುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಜನ ಹೇಗೆ ಬರುತ್ತಾರೆ? ಖಾಸಗಿಯವರಿಗೆ ನಷ್ಟ ಅಂತಾದರೆ ಸರ್ಕಾರಿ ಬಸ್ಸು ಹಾಕಿಸಿ. ಡಿಪೋ ನಮ್ಮ ಪೇಟೆಯಲ್ಲೇ ಇದೆ. ತಿರುವನಂತಪುರದಲ್ಲಿ ಮಾನವೀಯಂ ವೀಥಿ ಅಂತ ಒಂದು ರಸ್ತೆಯನ್ನೇ ರಾತ್ರಿಯ ಹಾಡು ಕುಣಿತಕ್ಕೆ ಬಿಟ್ಟುಕೊಟ್ಟದ್ದನ್ನು ಓದಿ ಖುಷಿಪಟ್ಟವಳು ನಾನು. ನಮಗೆ ರಸ್ತೆ ಬೇಡ. ಹಾಡಲು, ಅರ್ಥ ಹೇಳಲು, ಚಿತ್ರ ಬಿಡಿಸಲು ಜಾಗವನ್ನು ನಾವೇ ಹುಡುಕಿಕೊಂಡಿದ್ದೇವೆ. ಮನೆಗೆ ಹೋಗಲು ಬಸ್ಸು ಕೊಡಿ.

ಮುಂದಿನ ಪ್ರಾಧಿಕಾರದ ಸಭೆಯಲ್ಲಿ ಇದನ್ನು ಇಡಿ. ರಾತ್ರಿ ಹತ್ತೂವರೆಯ ಟ್ರಿಪ್ ಬರೆಸಿ. ಟ್ರಿಪ್ ಕಟ್ ಮಾಡಿದರೆ ದೂರು ಕೊಡಲು ಒಂದು ಫೋನ್ ನಂಬರನ್ನು ಬಸ್‌ಸ್ಟ್ಯಾಂಡಿನಲ್ಲಿ ಮಲಯಾಳದ ಜೊತೆ ಕನ್ನಡದಲ್ಲೂ ಬರೆಸಿ ಹಾಕಿಸಿ. ಈ ಪತ್ರದ ಪ್ರತಿಯನ್ನು ವಿದ್ಯಾನಗರದ ನಿಮ್ಮ ಕಚೇರಿಗೆ ಕನ್ನಡದಲ್ಲೇ ಕೊಡುತ್ತೇನೆ, ಉತ್ತರವನ್ನೂ ಕನ್ನಡದಲ್ಲೇ ಕಾಯುತ್ತೇನೆ. ವೃಶ್ಚಿಕ ತಿಂಗಳಲ್ಲಿ (ನವೆಂಬರ್ ನಡುವಿನಿಂದ) ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಅದಕ್ಕಿಂತ ಮೊದಲು ಬಸ್ಸು ಬಿಡಿಸಿ.

ಇತಿ,
ಬದಿಯಡ್ಕ ಕಡೆಯ ಒಬ್ಬಳು ಪ್ರಯಾಣಿಕೆ