ಥೀಸಿಸ್ ಹುಡುಕ್ತಾ ಕೂತಿರೋ ಪುಟ್ಟಿಗೆ

ಪುಟ್ಟಿ,

ನಿನ್ನ ಮೆಸೇಜ್ ನೋಡ್ದೆ. ಎರಡು ವಾರ ಹುಡುಕಿದ್ರೂ ಕರಿಜಾಲಿ ಮರದ ಬೆಳವಣಿಗೆ ಬಗ್ಗೆ ನಾಲ್ಕೇ ನಾಲ್ಕು ಪೇಪರ್ ಸಿಕ್ಕಿದ್ದು, ಈ ಟಾಪಿಕ್ ಮೇಲೆ ಯಾರೂ ಕೆಲಸ ಮಾಡಿಲ್ಲ ಅನ್ಸತ್ತೆ ಚಿಕ್ಕಪ್ಪ ಅಂತ ಬರ್ದಿದೀಯಲ್ಲ, ಆ ಮಾತನ್ನ ಮಾತ್ರ ನಿನ್ನ ಗೈಡ್ ಮುಂದೆ ಆಡ್ಬೇಡ ಮಾರಾಯ್ತಿ. ಮಾಡಿರ್ತಾರೆ. ಎರಡು ಮೂರು ವರ್ಷ ಬಿಸಿಲಲ್ಲಿ ಟೇಪ್ ಹಿಡ್ಕೊಂಡು ಓಡಾಡಿ, ಡಿಗ್ರಿ ತಗೊಂಡು, ಕೆಲಸ ಸಿಕ್ತು ಅಂತ ಹೊರಟೋಗಿರ್ತಾರೆ, ಪೇಪರ್ ಬರೆಯೋಕೆ ಪುರುಸೊತ್ತೇ ಆಗಿರಲ್ಲ. ಕಾಡು, ಮಣ್ಣು, ನೀರು, ಮೀನು ಅಂತ ಕೆಲಸ ಮಾಡೋರಲ್ಲಿ ಇದು ತೀರಾ ಮಾಮೂಲು, ಅದೆಲ್ಲ ಥೀಸಿಸ್ ಒಳಗೇ ಕೂತಿರತ್ತೆ.

ನೀನು ಏನು ಟೈಪ್ ಮಾಡಿ ಹುಡುಕಿದೆ ಅಂತ ನಂಗೆ ಬೇಕಾದ್ರೆ ಹೇಳ್ತೀನಿ. ಕರಿಜಾಲಿಯ ಶಾಸ್ತ್ರೀಯ ಹೆಸರು, ವಚೇಲಿಯಾ ನಿಲೋಟಿಕಾ, ಅಲ್ವಾ? ನಾನೂ ಅದೇ ಮಾಡಿದ್ದು, ಸರಿಯಾಗಿ ಒಂದು ತಿಂಗಳು ಮಣ್ಣುಪಾಲು. ಆ ಹೆಸರು ಚಾಲ್ತಿಗೆ ಬಂದಿದ್ದೇ ಮೊನ್ನೆ ಮೊನ್ನೆ. 2005ರಲ್ಲಿ ವಿಯೆನ್ನಾದಲ್ಲಿ ಸಸ್ಯಶಾಸ್ತ್ರಜ್ಞರ ಕಾಂಗ್ರೆಸ್ ಸೇರಿದಾಗ ಅಕೇಶಿಯಾ ಅನ್ನೋ ಹೆಸರು ಆಸ್ಟ್ರೇಲಿಯಾದ ಮರಗಳಿಗೇ ಇರಲಿ ಅಂತಾಯ್ತು, 2011ರಲ್ಲಿ ಮೆಲ್ಬರ್ನ್‌ನಲ್ಲಿ ಅದೇ ಗಟ್ಟಿ ಆಯ್ತು, ನಮ್ಮ ಜಾಲಿ ಪಾಪ ವಚೇಲಿಯಾ ಆಯ್ತು. ಅದಕ್ಕೂ ಮುಂಚಿನ ಥೀಸಿಸ್‌ಗಳಲ್ಲೆಲ್ಲ ಅಕೇಶಿಯಾ ನಿಲೋಟಿಕಾ ಅಂತಲೇ ಇರತ್ತೆ, ಇನ್ನೂ ಹಳೇದ್ರಲ್ಲಿ ಅಕೇಶಿಯಾ ಅರೇಬಿಕಾ. ಲೈಬ್ರರಿಯೋರು ಟೈಟಲ್ ಹೆಂಗಿದೆಯೋ ಹಂಗೇ ಕ್ಯಾಟಲಾಗ್‌ಗೆ ಹಾಕಿರ್ತಾರೆ, ಹೊಸ ಹೆಸರಿಗೆ ತಿದ್ದೋಕೆ ಯಾರು ಕೂರ್ತಾರೆ ಹೇಳು. ಆಡುಮಾತಿನ ಹೆಸರನ್ನೂ ಬಿಡಬೇಡ: ಹಿಂದಿಯಲ್ಲಿ ಬಬೂಲ್, ಸುಡಾನ್‌ನಲ್ಲಿ ಸುಂಟ್, ಆಸ್ಟ್ರೇಲಿಯಾದವರಿಗೆ ಇದು ಕಳೆ, ಪ್ರಿಕ್ಲಿ ಅಕೇಶಿಯಾ ಅಂತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಫ್‌ಎಒದವರ ಅಗ್ರೊವಾಕ್ ಅಂತ ಒಂದು ಪದಕೋಶ ಇದೆ, ಒಂದೊಂದು ವಿಷಯಕ್ಕೂ ಬೇರೆ ಬೇರೆ ಭಾಷೆಯ ಪದ ಕೊಡತ್ತೆ, ಹುಡುಕೋಕೆ ಮುಂಚೆ ಅಲ್ಲಿ ಹತ್ತು ನಿಮಿಷ ಕೂತ್ಕೊ. ಆಮೇಲೆ ಜಾಗದ ಹೆಸರು. ನದಿ, ಜಲಾನಯನ, ರಿಸರ್ವ್ ಫಾರೆಸ್ಟ್, ಜಿಲ್ಲೆ, ಏನಿದ್ಯೋ ಅದು. ಥೀಸಿಸ್ ಟೈಟಲ್‌ಗೆ ಜಾಗದ ಹೆಸರು ಹಾಕದೆ ನಮ್ಮೋರಿಗೆ ನಿದ್ದೆ ಬರಲ್ಲ, ಅದೇ ನಿಂಗೆ ಅನುಕೂಲ. ಮತ್ತೆ ಅಮೆರಿಕದಲ್ಲಿ ಪಿಎಚ್‌ಡಿಗೆ ಡಿಸರ್ಟೇಶನ್, ಮಾಸ್ಟರ್ಸ್‌ಗೆ ಥೀಸಿಸ್ ಅಂತಾರೆ, ಬ್ರಿಟನ್‌ನಲ್ಲಿ ಸುಮಾರಾಗಿ ಉಲ್ಟಾ, ಹಾಗಾಗಿ ಎರಡೂ ಪದ ಹಾಕು.

ಎಲ್ಲಿ ಹುಡುಕ್ಬೇಕು ಅಂದ್ರೆ, ಎಲ್ಲಾ ಒಂದೇ ಕಡೆ ಸಿಗೋ ಜಾಗ ಇಲ್ಲ. ಭಾರತದ ಪಿಎಚ್‌ಡಿ ಥೀಸಿಸ್ ಬೇಕಾದ್ರೆ ಶೋಧಗಂಗಾ ಅನ್ನೋ ವೆಬ್‌ಸೈಟ್, ಆದ್ರೆ ಎಂಎಸ್ಸಿ ಥೀಸಿಸ್ ಅಲ್ಲಿ ಹುಡುಕಿದ್ರೆ ಬರಿಗೈ, ಕೃಷಿ ಮತ್ತು ಅರಣ್ಯದ ಎಂಎಸ್ಸಿಗೆ ಕೃಷಿಕೋಶಕ್ಕೇ ಹೋಗ್ಬೇಕು. ಯುರೋಪಿಗೆ ಡಾರ್ಟ್ ಯುರೋಪ್, ಆಸ್ಟ್ರೇಲಿಯಾಕ್ಕೆ ಟ್ರೋವ್, ಕೆನಡಾಕ್ಕೆ ಥೀಸಿಸ್ ಕೆನಡಾ, ಫ್ರೀಯಾಗಿ ಓದೋಕೆ ಸಿಗೋದನ್ನ ಬೇರೆ ಬೇರೆ ದೇಶದಿಂದ ಒಟ್ಟಿಗೆ ತೋರಿಸೋದು ಓಎಟಿಡಿ. ಪ್ರೊಕ್ವೆಸ್ಟ್ ದೊಡ್ಡದು, 1938ರಲ್ಲಿ ಮೈಕ್ರೋಫಿಲ್ಮ್ ಕಂಪನಿಯಾಗಿ ಶುರುವಾಗಿದ್ದು, ದುಡ್ಡು ಕೇಳತ್ತೆ, ನಿನ್ನ ಯುನಿವರ್ಸಿಟಿ ಲಾಗಿನ್ ಇದ್ಯಾ ಅಂತ ಮೊದಲು ವಿಚಾರಿಸು. 1997ಕ್ಕೆ ಹಿಂದಿನದು ಆನ್‌ಲೈನ್ ಇಲ್ಲ ಅಂದ್ರೆ ಆಶ್ಚರ್ಯ ಪಡಬೇಡ, ಥೀಸಿಸ್‌ನ ಎಲೆಕ್ಟ್ರಾನಿಕ್ ಆಗೇ ಕೊಡ್ಬೇಕು ಅಂತ ಅಮೆರಿಕದ ವರ್ಜೀನಿಯಾ ಟೆಕ್ ಯುನಿವರ್ಸಿಟಿ ರೂಲ್ ಮಾಡಿದ್ದೇ ಆ ವರ್ಷ. ಹಳೇದು ಬೇಕಾದ್ರೆ ಲೈಬ್ರರಿಯನ್‌ಗೆ ನಾಲ್ಕು ಸಾಲಿನ ಮೇಲ್ ಹಾಕು, ಲೇಖಕರ ಹೆಸರು, ವರ್ಷ, ಟೈಟಲ್, ಎಷ್ಟು ಪುಟ ಬೇಕು ಇಷ್ಟು ಸಾಕು, ಸ್ಕ್ಯಾನ್ ಮಾಡಿ ಕಳ್ಸಿದವರು ನಂಗೆ ಎಷ್ಟೋ ಜನ.

ಸಿಕ್ಕಿದ್ಮೇಲೆ ಅಬ್‌ಸ್ಟ್ರಾಕ್ಟ್ ಓದಿ ಮುಚ್ಚಿಟ್ಟುಬಿಡ್ತೀಯ, ಗೊತ್ತು ನಂಗೆ. ಕೊನೆಯಿಂದ ಶುರು ಮಾಡು. ಶೋಧಗಂಗಾದಲ್ಲಿ ಒಂದೊಂದು ಅಧ್ಯಾಯನೂ ಬೇರೆ ಬೇರೆ ಪಿಡಿಎಫ್ ಆಗಿರತ್ತೆ, ಅಪೆಂಡಿಕ್ಸ್ ಎಲ್ಲೋ ಕೆಳಗೆ ಅನಾಥವಾಗಿ ಬಿದ್ದಿರತ್ತೆ, ಜನ ಅದನ್ನ ಡೌನ್‌ಲೋಡೇ ಮಾಡಲ್ಲ. ನಾನೊಂದ್ಸಲ ತೆಗೆದು ನೋಡಿದ್ರೆ ಒಂದೊಂದು ಮರಕ್ಕೂ ಒಂದು ಸಾಲು, ಪ್ಲಾಟ್ ನಂಬರ್, ಸುತ್ತಳತೆ, ಎತ್ತರ, ಕೆಲವು ಸಾಲಿನ ಪಕ್ಕದಲ್ಲಿ "ಕಡಿದಿದ್ದಾರೆ" ಅಂತ. ಪೇಪರ್‌ನಲ್ಲಿ ಇದೆಲ್ಲ ಸೇರಿ ಒಂದು ಸರಾಸರಿ ಆಗಿತ್ತು ಅಷ್ಟೇ, ಕಡಿದ ಮರಗಳ ಸುದ್ದಿಯೇ ಇಲ್ಲ. ಆದ್ರೆ ಆ ನಂಬರ್‌ನ ನಿನ್ನ ಶೀಟ್‌ಗೆ ಎತ್ತಾಕೋ ಮುಂಚೆ ಕಾಂಡನ ನೆಲದಿಂದ ಎಷ್ಟು ಎತ್ತರದಲ್ಲಿ ಅಳೆದಿದ್ದು ನೋಡ್ಕೊ, ಭಾರತ, ಅಮೆರಿಕದಲ್ಲಿ ಎದೆಮಟ್ಟ ಅಂದ್ರೆ 1.37 ಮೀಟರ್, ಬೇರೆ ಬಹಳ ಕಡೆ 1.3. ಸುತ್ತಳತೆನೋ ವ್ಯಾಸವೋ ಅನ್ನೋದನ್ನೂ ನೋಡು, ಅದನ್ನ ಗಲಿಬಿಲಿ ಮಾಡ್ಕೊಂಡು ನಾನು ಒಂದು ಚಾಪ್ಟರ್ ಪೂರ್ತಿ ಮತ್ತೆ ಬರೆದಿದೀನಿ, ಗೈಡ್ ಹತ್ರ ಬೈಸ್ಕೊಂಡಿದ್ದು ಬೇರೆ.

ಕೃತಜ್ಞತೆ ಪುಟನೂ ಓದು, ತಮಾಷೆಗಲ್ಲ. ಗೈಡ್ ಯಾರು, ಸೀನಿಯರ್ ಯಾರು, ಯಾವ ರೇಂಜ್ ಆಫೀಸರ್ ದಾರಿ ತೋರಿಸಿದ್ರು ಎಲ್ಲಾ ಅಲ್ಲಿರತ್ತೆ. ಒಬ್ಬ ಗೈಡ್ ಕೈಕೆಳಗೆ ಒಬ್ಬರಾದ ಮೇಲೆ ಒಬ್ಬರು ಅದೇ ಪ್ಲಾಟ್‌ಗೆ ಹೋಗಿ ಅಳೆದಿರೋದು ಉಂಟು, ಹಾಗೆ ಒಂದು ಥೀಸಿಸ್ ಸಿಕ್ರೆ ಅದರ ಬಾಲ ಹಿಡ್ಕೊಂಡು ಇನ್ನೂ ನಾಲ್ಕು ಸಿಗತ್ತೆ.

ಎಂಬಾರ್ಗೋ, ಅಂದ್ರೆ ಇಷ್ಟು ಕಾಲ ಯಾರಿಗೂ ತೋರಿಸಲ್ಲ, ಅಂತ ಬೀಗ ಹಾಕಿದ್ರೆ ಬರೆದವರಿಗೇ ಮೇಲ್ ಮಾಡು, ತನ್ನ ಥೀಸಿಸ್ ಓದ್ತೀನಿ ಅನ್ನೋರು ಸಿಕ್ಕಿದ್ರೆ ಯಾರಿಗೆ ತಾನೇ ಖುಷಿ ಆಗಲ್ಲ. ಮತ್ತೆ ಸಿಕ್ಕಿದ ಫೈಲ್‌ನ ಅವತ್ತೇ ಇಳಿಸ್ಕೊ, ಲಿಂಕ್ ಸೇವ್ ಮಾಡಿದೀನಿ ಅಂತ ಆರಾಮಾಗಿ ಇರ್ಬೇಡ. 2023ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಲೈಬ್ರರಿ ಮೇಲೆ ಸೈಬರ್ ದಾಳಿ ಆದಾಗ ಅವರ ಥೀಸಿಸ್ ವೆಬ್‌ಸೈಟ್ ಈಥೋಸ್ ಬಹಳ ಕಾಲ ಬಂದ್ ಆಗಿತ್ತು, ಲಿಂಕ್ ನಂಬಿ ಕೂತವರೆಲ್ಲ ಹಂಗೇ ಕೂತಿದ್ರು.

ಇವತ್ತು ರಾತ್ರಿ ಅರೇಬಿಕಾ ಅಂತ ಹಾಕಿ ಒಂದ್ಸಲ ನೋಡು, ಎಷ್ಟು ಸಿಕ್ತು ಅಂತ ಬರಿ. ಅಪೆಂಡಿಕ್ಸ್ ಇರೋದು ಸಿಕ್ರೆ ನಂಗೂ ಒಂದು ಕಾಪಿ.

ನಿನ್ನ ಚಿಕ್ಕಪ್ಪ